ಕ್ಯಾಲಿಫೋರ್ನಿಯಾಕ್ಕೆ ಬಂದ ಅಪ್ಪ-ಅಮ್ಮನಿಗೂ ಎಮರ್ಜೆನ್ಸಿ ಅಲರ್ಟ್ ಮುಟ್ಟಲಿ

ಕಾಡ್ಗಿಚ್ಚಿರಲಿ, ಭೂಕಂಪವಿರಲಿ, ಇಲ್ಲಿ ಮೊದಲು ಕಿರುಚಿಕೊಳ್ಳುವುದು ಫೋನು. ಆ ಅಲರ್ಟು ಕನ್ನಡದಲ್ಲಿ ಬರುವುದಿಲ್ಲ. ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2025ರ ಜನವರಿಯಲ್ಲಿ ಅಲರ್ಟಿನ ಸಿದ್ಧ ಸಂದೇಶಗಳಿಗೆಂದು ಆರಿಸಿದ ಭಾಷೆಗಳಲ್ಲಿ ಹಿಂದಿ ಇದೆ, ನಮ್ಮದಿಲ್ಲ. ಆರು ತಿಂಗಳಿಗೆಂದು ಬಂದು ಹಗಲೆಲ್ಲ ಮನೆಯಲ್ಲಿ ಇಬ್ಬರೇ ಇರುವ ಹಿರಿಯರಿಗೆ ಏರ್ಪಾಡು ನೀವೇ ಮಾಡಬೇಕು.

ಈ ಅಲರ್ಟು ಎಸ್ಸೆಮ್ಮೆಸ್ ಅಲ್ಲ. ಟವರಿನಿಂದ ಆ ಪ್ರದೇಶದ ಫೋನುಗಳಿಗೆಲ್ಲ ಒಟ್ಟಿಗೇ ಪ್ರಸಾರವಾಗುತ್ತದೆ. ನೋಂದಣಿ ಬೇಡ, ಡೇಟಾ ಬೇಡ, ಸಿಗ್ನಲ್ ಮಾತ್ರ ಬೇಕು. ರೋಮಿಂಗ್ ಖರ್ಚಿಗೆ ಹೆದರಿ ಏರೋಪ್ಲೇನ್ ಮೋಡಿನಲ್ಲಿಟ್ಟು ವೈಫೈನಲ್ಲಷ್ಟೇ ವಾಟ್ಸಾಪ್ ನೋಡುವ ಫೋನಿಗೆ ಅದು ಮುಟ್ಟುವುದೇ ಇಲ್ಲ. ಊರಲ್ಲಿ ಕೊಂಡ ಕೆಲವು ಫೋನುಗಳಲ್ಲಿ ಸಿಗ್ನಲ್ ಇದ್ದರೂ ಬಾರದಿರಬಹುದು. ನಿಮ್ಮ ಹಳೆಯ ಇಲ್ಲಿನ ಫೋನಿಗೆ ಅಗ್ಗದ ಪ್ರೀಪೇಯ್ಡ್ ಸಿಮ್ ಹಾಕಿಕೊಡುವುದೇ ವಾಸಿ.

ಅಲರ್ಟ್ ಆನ್ ಇದೆಯೇ ನೋಡಿ: ಐಫೋನಾದರೆ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್, ತೀರಾ ಕೆಳಗೆ ಗವರ್ನಮೆಂಟ್ ಅಲರ್ಟ್ಸ್. ಮಗು ಕಾಣೆಯಾದಾಗ ಬರುವ ಆಂಬರ್ ಅಲರ್ಟ್ ನಡುರಾತ್ರಿ ಕೂಗಿತೆಂಬ ಸಿಟ್ಟಿಗೆ ಎಲ್ಲವನ್ನೂ ಆಫ್ ಮಾಡುವವರಿದ್ದಾರೆ. ಬೇಡವೆಂದರೆ ಅದೊಂದನ್ನೇ ಆಫ್ ಮಾಡಿ. ಭೂಕಂಪಕ್ಕೆ ಮೈಶೇಕ್ ಆ್ಯಪ್ ಹಾಕಿ, ಲೊಕೇಶನ್ ‘ಆಲ್ವೇಸ್’ ಇಡಿ: ಫೋನಿನ ಮಾಮೂಲಿ ಅಲರ್ಟ್ 5.0 ತೀವ್ರತೆಯಿಂದ ಮೇಲಕ್ಕೆ, ಮೈಶೇಕ್ 4.5ರಿಂದಲೇ ಎಚ್ಚರಿಸುತ್ತದೆ. ನಿಮ್ಮ ಕೌಂಟಿಯ ಅಲರ್ಟ್ ಸೇವೆಗೆ ಮಾತ್ರ ನಂಬರ್ ನೋಂದಾಯಿಸಲೇಬೇಕು.

ಅಲರ್ಟ್ ಬಂದಾಗ ಓಕೆ ಒತ್ತುವ ಮೊದಲು ಸ್ಕ್ರೀನ್‌ಶಾಟ್ ತೆಗೆದು ಮನೆಯ ಗ್ರೂಪಿಗೆ ಹಾಕಲು ಅಮ್ಮನಿಗೆ ಕಲಿಸಿ. ನೀವು ಮೀಟಿಂಗಿನಲ್ಲಿದ್ದರೂ ಅಕ್ಕನೋ ಭಾವನೋ ಓದಿ ಹೇಳುತ್ತಾರೆ.

ಫ್ರಿಜ್ ಮೇಲೆ ಕನ್ನಡದಲ್ಲಿ ದಪ್ಪಕ್ಷರದ ಒಂದು ಹಾಳೆ ಅಂಟಿಸಿ. ‘ಇವ್ಯಾಕ್ಯುಯೇಶನ್ ವಾರ್ನಿಂಗ್’: ಪಾಸ್‌ಪೋರ್ಟ್, ಮಾತ್ರೆ, ಕನ್ನಡಕ ಚೀಲಕ್ಕೆ ಹಾಕಿ ಸಿದ್ಧರಾಗಿ, ನಡೆಯಲು ಕಷ್ಟವಿರುವವರು ಆಗಲೇ ಹೊರಡಬೇಕು. ‘ಆರ್ಡರ್’: ಆ ಕ್ಷಣವೇ ಹೊರಡಿ, ಮಗ ಬರಲೆಂದು ಕಾಯಬೇಡಿ. ಕಾರು ಓಡಿಸದ ಅಪ್ಪನಿಗೆ ಇದು ಬರೀ ಮಾತು, ಆದ್ದರಿಂದ ಕರೆದೊಯ್ಯಲು ಒಪ್ಪಿದ ನೆರೆಯವರ ನಂಬರನ್ನೂ ಬರೆಯಿರಿ. ಮನೆಯ ವಿಳಾಸ ಇಂಗ್ಲಿಷಿನಲ್ಲೂ, ಅದರ ಉಚ್ಚಾರ ಕನ್ನಡ ಅಕ್ಷರದಲ್ಲೂ ಇರಲಿ.

ತುರ್ತು ಸಹಾಯದ ನಂಬರ್ 911ಕ್ಕೆ ಫೋನ್ ಮಾಡಿದರೆ ಮೊದಲು ಹೇಳಬೇಕಾದ್ದು ವಿಳಾಸ, ಆಮೇಲೆ ‘ಫೈರ್’ ಅಥವಾ ‘ಆಂಬ್ಯುಲೆನ್ಸ್’, ಕೊನೆಗೆ ‘ಕನ್ನಡ ಲ್ಯಾಂಗ್ವೇಜ್, ಇಂಡಿಯಾ’. ಬರೀ ಕನ್ನಡ ಎಂದರೆ ಕೆನಡಾ ಎಂದು ಕೇಳಿಸೀತು. ದುಭಾಷಿಯನ್ನು ಲೈನಿಗೆ ತರಲು ಹೊತ್ತಾಗುತ್ತದೆ, ಫೋನಿಡಬಾರದು. ಊರಿಗೆ ಡಯಲ್ ಮಾಡಲು ಹೋಗಿ ತಪ್ಪಿ 911 ಒತ್ತಿದರೂ ಅಷ್ಟೇ: ಕಟ್ ಮಾಡದೆ ‘ಸಾರಿ, ಮಿಸ್ಟೇಕ್’ ಎನ್ನಲಿ. ಸುಮ್ಮನೆ ಇಟ್ಟರೆ ತಿರುಗಿ ಫೋನ್ ಬರುತ್ತದೆ, ಎತ್ತದಿದ್ದರೆ ಪೊಲೀಸರು ಬಾಗಿಲಿಗೇ ಬರಬಹುದು.