ಮನೆ ಹೆಣ್ಣುಮಗಳಿಗೆ ಚಟ ಹತ್ತಿದರೆ ಏನು ಮಾಡಬೇಕು: ಮಂಡ್ಯದ ಮೆಡಿಕಲ್ ಅಂಗಡಿಯವನ ಅನುಭವ

ಮಂಡ್ಯದಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಅಂಗಡಿ ಇದೆ. 24 ವರ್ಷವಾಯಿತು. ರಾತ್ರಿ ಎಂಟರ ಮೇಲೆ, ಅಕ್ಕಪಕ್ಕ ಯಾರೂ ಇಲ್ಲ ಅಂತ ನೋಡಿಕೊಂಡು, "ಅಣ್ಣ, ಕುಡ್ಯೋದು ಬುಡ್ಸೋ ಮಾತ್ರೆ ಅದಾ?" ಅಂತ ಮೆಲ್ಲಗೆ ಕೇಳುವವರು ವಾರಕ್ಕೊಬ್ಬರಾದರೂ ಬರುತ್ತಾರೆ. ಯಾರಿಗೆ ಅಂದರೆ ಗಂಡನಿಗೆ, ಮಗನಿಗೆ, ಅಪ್ಪನಿಗೆ. ಹೆಂಡತಿಗೆ ಅಂತ ಕೇಳಿದವರು ಇಷ್ಟು ವರ್ಷದಲ್ಲಿ ಇಬ್ಬರೇ. ಅವರಿಬ್ಬರನ್ನೂ ನಾನು ಒಂಥರಾ ನೋಡಿದ್ದೆ. ಆಮೇಲೆ ಅದು ನನ್ನ ತಂಗಿಗೇ ಬಂತು.

ಅವಳನ್ನು ಇಲ್ಲಿ ಪುಟ್ಟಿ ಅಂತ ಕರೆಯುತ್ತೇನೆ. ಬರೆದದ್ದನ್ನೆಲ್ಲ ಅವಳಿಗೆ ಓದಿ ಹೇಳಿದ್ದೇನೆ. ಎರಡು ಸಾಲು ತೆಗೆಸಿದಳು, ಉಳಿದದ್ದಕ್ಕೆ ಹೂಂ ಅಂದಳು. ನಿಮ್ಮ ಮನೆಯಲ್ಲಿ ತಂಗಿಯೋ, ಹೆಂಡತಿಯೋ, ಅತ್ತಿಗೆಯೋ ಕುಡಿಯುತ್ತಿದ್ದಾರೆ, ಇಲ್ಲ ಮಾತ್ರೆ, ಪೌಡರ್ ಅಂತ ಏನೋ ಹಿಡಿದುಕೊಂಡಿದ್ದಾರೆ ಅಂತ ಅನುಮಾನ ಬಂದಿದ್ದರೆ, ನಾವು ಎಡವಿದ ಜಾಗ ನೋಡಿಕೊಂಡು ನೀವು ಹೆಜ್ಜೆ ಇಡಿ.

ಗಂಡಸಿನ ಲೆಕ್ಕ ಹಾಕಬೇಡಿ

ಪುಟ್ಟಿ ಮದುವೆಯಾಗಿ ಮೈಸೂರಿನ ಕುವೆಂಪುನಗರ ಸೇರಿದವಳು. ಭಾವ ಕಾಲೇಜಿನಿಂದಲೇ ಕುಡಿಯುತ್ತಿದ್ದರು. 20 ವರ್ಷ ಕುಡಿದ ಮೇಲೆ ಅವರ ಲಿವರ್ ರಿಪೋರ್ಟಿನಲ್ಲಿ ಏರುಪೇರು ಕಾಣಿಸಿತು. ಪುಟ್ಟಿ ಶುರು ಮಾಡಿದ್ದು 36ನೇ ವಯಸ್ಸಿಗೆ. ಗೊತ್ತಾದಾಗ ನಾನು ಅಂದುಕೊಂಡದ್ದು ಇಷ್ಟೇ: ಭಾವನೇ ಇಷ್ಟು ವರ್ಷದಿಂದ ಕುಡಿದುಕೊಂಡು ಆರಾಮಾಗಿ ಆಫೀಸಿಗೆ ಹೋಗಿ ಬರುತ್ತಿದ್ದಾರೆ, ಇವಳದು ನಿನ್ನೆ ಮೊನ್ನೆಯದು, ಬಿಡಿಸಿದರಾಯಿತು. ಹೀಗೇ ಎರಡು ವರ್ಷ ಸುಮ್ನೆ ಕಳೆದೆ. 40ಕ್ಕೆ ಅವಳು ಆಸ್ಪತ್ರೆ ಮಂಚದ ಮೇಲಿದ್ದಳು.

ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲಿ ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರ್ "ಎಷ್ಟು ವರ್ಷದಿಂದ?" ಅಂತ ಕೇಳಿದರು. "ನಾಲ್ಕೇ ವರ್ಷ ಮೇಡಂ" ಅಂದೆ. ಆ 'ನಾಲ್ಕೇ' ಅವರಿಗೆ ಚುಚ್ಚಿತು ಅಂತ ಕಾಣುತ್ತದೆ. ಚೀಟಿ ತಿರುಗಿಸಿ ಹಿಂದುಗಡೆ ಪೆನ್ನಿನಲ್ಲಿ ಎರಡು ಗೆರೆ ಎಳೆದರು. ಒಂದು ಈ ತುದಿಯಿಂದ ಆ ತುದಿಗೆ. ಇನ್ನೊಂದು ಅರ್ಧ ದಾಟಿದ ಮೇಲೆ ಶುರುವಾಗಿ ಅದೇ ತುದಿಗೆ ಬಂದು ನಿಂತಿತು. "ಉದ್ದದ್ದು ನಿಮ್ಮ ಭಾವ. ಗಿಡ್ಡದ್ದು ನಿಮ್ಮ ತಂಗಿ. ಮುಟ್ಟಿದ ಜಾಗ ಒಂದೇ ಅಲ್ವಾ?"

ಇದಕ್ಕೆ ಟೆಲಿಸ್ಕೋಪಿಂಗ್ ಅನ್ನುತ್ತಾರಂತೆ. ಹಳೇ ದುರ್ಬೀನು ಒಂದರೊಳಗೊಂದು ಸೇರಿ ಗಿಡ್ಡ ಆಗುತ್ತದಲ್ಲ, ಹಾಗೆ ಚಟದ ದಾರಿಯೇ ಗಿಡ್ಡ ಆಗುವುದು. ಹೆಂಗಸರು ತಡವಾಗಿ ಶುರು ಮಾಡುತ್ತಾರೆ, ಆದರೆ ಬೇಗ ಸಿಕ್ಕಿಬೀಳುತ್ತಾರೆ. ಎಲ್ಲರಲ್ಲೂ ಹೀಗೇ ಅಂತಲ್ಲ. ಆದರೆ ಚಿಕಿತ್ಸೆಗೆ ಬಂದವರಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಕುಡಿತದಲ್ಲಿ ಮಾತ್ರ ಅಲ್ಲ, ಕೊಕೇನಿನಲ್ಲೂ. 1980ರ ದಶಕದ ನಡುವಿನಲ್ಲಿ ಅಮೆರಿಕದ ಊರುಗಳಲ್ಲಿ ಕ್ರ್ಯಾಕ್ ಅಂತ ಹರಡಿತು. ಕೊಕೇನನ್ನೇ ಸೇದಲು ಬರುವಂತೆ ಹರಳು ಮಾಡಿದ್ದು. ಕಾಯಿಸಿದರೆ ಚಟಪಟ ಅನ್ನುತ್ತದೆ, ಅದಕ್ಕೇ ಆ ಹೆಸರು. ಸೇದಿದ ಕೆಲವೇ ಸೆಕೆಂಡಿಗೆ ಮಿದುಳಿಗೆ ಏರುತ್ತದೆ, ಕೆಲವೇ ನಿಮಿಷಕ್ಕೆ ಇಳಿಯುತ್ತದೆ, ಮತ್ತೆ ಬೇಕು ಅನ್ನಿಸುತ್ತದೆ. ಅಲ್ಲಿ ಚಿಕಿತ್ಸೆಗೆ ಬಂದ ಹೆಂಗಸರು ಗಂಡಸರಿಗಿಂತ ಕಡಿಮೆ ವರ್ಷ ಬಳಸಿದ್ದರೂ ಚಟ ಅಷ್ಟೇ ಬಲವಾಗಿತ್ತು, ಎಷ್ಟೋ ಸಲ ಇನ್ನೂ ಜಾಸ್ತಿ. ಜೊತೆಗೆ ಖಿನ್ನತೆ, ಹೊಡೆತ ತಿಂದ ಹಳೇ ನೆನಪು, ಮಕ್ಕಳನ್ನು ಕಿತ್ತುಕೊಳ್ಳುತ್ತಾರೆ ಅನ್ನುವ ಭಯ. ಕ್ರ್ಯಾಕ್ ನಮ್ಮ ಕಡೆಯದಲ್ಲ. ಆದರೆ ಆ ಮಾತು ಕೇಳುತ್ತಿದ್ದರೆ ಪುಟ್ಟಿಯ ಅಡುಗೆಮನೆಯೇ ಕಣ್ಣ ಮುಂದೆ ಬಂತು.

ಕುಡಿತಕ್ಕಾದರೆ ಮೈಯಲ್ಲೇ ಕಾರಣ ಇದೆ. ಹೆಂಗಸರ ಮೈಯಲ್ಲಿ ನೀರಿನಂಶ ಕಡಿಮೆ. ಮದ್ಯವನ್ನು ಹೊಟ್ಟೆಯಲ್ಲೇ ಸ್ವಲ್ಪ ಕರಗಿಸುವ ಕಿಣ್ವವೂ ಕಡಿಮೆ. ಅಷ್ಟೇ ಕುಡಿದರೂ ರಕ್ತಕ್ಕೆ ಸೇರುವುದು ಜಾಸ್ತಿ, ಲಿವರ್ ಕೆಡುವುದು ಬೇಗ. ನಮ್ಮಲ್ಲಿ ಸಿಗುವ 90 ಮಿಲಿ ಟೆಟ್ರಾ ಪ್ಯಾಕೆಟ್, ಎಲ್ಲರೂ ನೈಂಟಿ ಅನ್ನುವುದು, ಡಾಕ್ಟರ್ ಲೆಕ್ಕದಲ್ಲಿ ಮೂರು ಡ್ರಿಂಕ್. "ಒಂದೇ ಪ್ಯಾಕೆಟ್ ಅಣ್ಣಯ್ಯ" ಅಂತ ಪುಟ್ಟಿ ಹೇಳಿದಾಗ ನಾನು ಒಂದು ಅಂತಲೇ ಎಣಿಸಿದ್ದೆ.

ಹುಡುಕುವುದು ಅಡುಗೆಮನೆಯಲ್ಲಿ

ಗಂಡಸು ಕುಡಿದರೆ ಬೀದಿಗೇ ಗೊತ್ತಾಗುತ್ತದೆ. ಹೆಣ್ಣು ಕುಡಿದರೆ ಮನೆಯವರಿಗೂ ಗೊತ್ತಾಗುವುದಿಲ್ಲ. ಪುಟ್ಟಿ ದಿನಾ ಬೆಳಿಗ್ಗೆ ಬಾಗಿಲಿಗೆ ದೊಡ್ಡ ರಂಗೋಲಿ ಹಾಕುವವಳು. ಒಂದು ದೀಪಾವಳಿಗೆ ಹೋದಾಗ ಎರಡು ಗೆರೆ ಎಳೆದು ಬಿಟ್ಟಿದ್ದಳು. ಗೆರೆ ನಡುಗಿತ್ತು. ನಾನೇ ಹಾಕೋಣ ಅಂತ ರಂಗೋಲಿ ಡಬ್ಬ ತೆಗೆದೆ. ಭಾರ ಇರಬೇಕಾದ ಡಬ್ಬ ಹಗುರ. ಮೇಲೆ ಎರಡು ಹಿಡಿ ಪುಡಿ, ಕೆಳಗೊಂದು ಪ್ಲಾಸ್ಟಿಕ್ ಕವರ್, ಕವರ್ ಒಳಗೆ ಚಪ್ಪಟೆಯಾಗಿ ಮಡಚಿದ ಒಂಬತ್ತು ಪ್ಯಾಕೆಟ್. ಮೂಲೆಯನ್ನು ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ್ದಳು, ಹಾಲಿನ ಪ್ಯಾಕೆಟ್ ಕತ್ತರಿಸಿದ ಹಾಗೆ. ಇಸ್ತ್ರಿ ಅಂಗಡಿಯವನು ತಂದುಕೊಡುತ್ತಿದ್ದನಂತೆ, ಪ್ಯಾಕೆಟ್ಟಿಗೆ 20 ರೂಪಾಯಿ ಜಾಸ್ತಿ ಇಟ್ಟುಕೊಂಡು.

ಹೀಗಾಗಿ ನಾಲಿಗೆ ತೊದಲುತ್ತದಾ ಅಂತ ಕಾಯಬೇಡಿ. ಹೊತ್ತಲ್ಲದ ಹೊತ್ತಿನಲ್ಲಿ ಸ್ನಾನ, ಬಾಯಲ್ಲಿ ಸದಾ ಏಲಕ್ಕಿ, ಮಧ್ಯಾಹ್ನ ಮಾಡಿದ ಫೋನಿಗೆ ಉತ್ತರ ಇಲ್ಲದಿರುವುದು, ಚಿನ್ನದ ಓಲೆ ಗಿರವಿ ಅಂಗಡಿ ಸೇರುವುದು, ಇಂಥವನ್ನು ಗಮನಿಸಿ.

ಮಾತ್ರೆ ಡಬ್ಬವನ್ನೂ ನೋಡಿ. ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. "ನಿದ್ದೆ ಬರ್ತಿಲ್ಲ ಅಣ್ಣಯ್ಯ" ಅಂದಾಗ ಡಾಕ್ಟರ್ ಚೀಟಿ ಇಲ್ಲದೆ ಆಲ್‌ಪ್ರಜೋಲಾಮ್ ಕೊಟ್ಟವನು ನಾನೇ. ಅದು ಎಚ್1 ಪಟ್ಟಿಯ ಮಾತ್ರೆ. ಚೀಟಿ ಬೇಕು, ರಿಜಿಸ್ಟರ್‌ನಲ್ಲಿ ಬರೆಯಬೇಕು, ಆ ರಿಜಿಸ್ಟರ್ ಮೂರು ವರ್ಷ ಇಡಬೇಕು. ತಂಗಿ ತಾನೇ ಅಂತ ಬರೆಯಲಿಲ್ಲ. ಅದರ ಮೇಲೆ ಎಣ್ಣೆ ಬಿದ್ದರೆ ಉಸಿರೇ ನಿಲ್ಲಬಹುದು ಅಂತ ಓದಿಕೊಂಡವನು ನಾನು.

ಮಾತು ಎತ್ತುವುದು

ಕುಡಿದಿರುವಾಗ ಬೇಡ. ಹಬ್ಬದ ದಿನ ಬೇಡ. ಅತ್ತೆ ಮಾವನ ಮುಂದಂತೂ ಬೇಡವೇ ಬೇಡ. ಮಕ್ಕಳು ಸ್ಕೂಲಿಗೆ ಹೋದ ಮೇಲೆ, ಹತ್ತು ಹನ್ನೊಂದು ಗಂಟೆಗೆ, ಒಬ್ಬರೇ ಹೋಗಿ. ನಾನು ಮೊದಲ ಸಲ ಪ್ಯಾಕೆಟ್ ತಂದು ಮುಖದ ಮುಂದೆ ಹಿಡಿದೆ. ಅವಳು ಹದಿನೈದು ದಿನ ಫೋನ್ ಎತ್ತಲಿಲ್ಲ. ಎರಡನೇ ಸಲ ಕಾಫಿ ಕುಡಿಯುತ್ತಾ "ರಾತ್ರಿ ನಿದ್ದೆ ಬರ್ತಾ ಪುಟ್ಟಿ?" ಅಂತ ಶುರು ಮಾಡಿದೆ. ಅರ್ಧ ಗಂಟೆ ಅತ್ತಳು. ಆಮೇಲೆ ತಾನೇ ಹೇಳಿದಳು.

ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ, ನಮ್ಮ ಮನೆಗಳಲ್ಲಿ ಅದನ್ನು ಕೇಳುವುದಿಲ್ಲ: "ಮನೆಯಲ್ಲಿ ಯಾರಾದ್ರೂ ಕೈ ಮಾಡ್ತಾರಾ?" ಮೊದಲು ಈ ಪ್ರಶ್ನೆಗೆ ಉತ್ತರ ಬರಲಿ. ಎಣ್ಣೆಯ ಮಾತು ಆಮೇಲೆ.

ಅವ್ವ ಮಾತ್ರ "ಈ ಸುದ್ದಿ ಹೊಸ್ಲು ದಾಟಬಾರ್ದು ಕಣಪ್ಪ" ಅಂತ ಒಂದೇ ಹಟ. ಆ ಮಾತಿಗೆ ಕಟ್ಟುಬಿದ್ದೇ ನಾವು ಮುಂದಿನ ತಪ್ಪು ಮಾಡಿದ್ದು.

ರೂಮಿಗೆ ಹಾಕಿ ಚಿಲಕ ಜಡಿಯಬೇಡಿ

ಒಂದು ಶುಕ್ರವಾರ ಪುಟ್ಟಿಯನ್ನು ತವರಿಗೆ ಕರೆದುಕೊಂಡು ಬಂದು ಹಿಂದಿನ ರೂಮಿನಲ್ಲಿ ಇಟ್ಟೆವು. ಎಣ್ಣೆಯೂ ಇಲ್ಲ, ಮಾತ್ರೆಯೂ ಇಲ್ಲ. ಶನಿವಾರ ಬೆಳಿಗ್ಗೆ ಕೈ ನಡುಗಿ ಲೋಟ ಹಿಡಿಯಲಾಗಲಿಲ್ಲ. ಭಾನುವಾರ ರಾತ್ರಿ ಹಾಸಿಗೆ ಕೊಡವಲು ಶುರು ಮಾಡಿದಳು. "ಇರುವೆ, ಇರುವೆ" ಅಂತ. ಒಂದು ಇರುವೆಯೂ ಇರಲಿಲ್ಲ. ಸುಮಾರು ಎರಡು ಗಂಟೆಗೆ ಫಿಟ್ಸ್ ಬಂತು. 108ಕ್ಕೆ ಫೋನ್ ಮಾಡಿ ಮಿಮ್ಸ್‌ಗೆ ಸೇರಿಸಿದೆವು.

ದಿನಾ ಕುಡಿಯುವವರು ದಿಢೀರ್ ನಿಲ್ಲಿಸಿದರೆ ಮೊದಲ ದಿನವೇ ನಡುಕ, ಬೆವರು ಬರುತ್ತದೆ. ಫಿಟ್ಸ್ ಬಂದರೆ ಸಾಮಾನ್ಯವಾಗಿ ಎರಡು ದಿನದೊಳಗೆ. ಇಲ್ಲದ್ದು ಕಾಣುವ ಸನ್ನಿ ಎರಡರಿಂದ ನಾಲ್ಕನೇ ದಿನ. ಜೊತೆಗೆ ನಿದ್ದೆ ಮಾತ್ರೆಯನ್ನೂ ನಿಲ್ಲಿಸಿದರೆ ಅಪಾಯ ಇನ್ನೂ ಜಾಸ್ತಿ. ಇದರಲ್ಲಿ ಪ್ರಾಣ ಹೋಗಬಹುದು. ಅದಕ್ಕೇ ನಿಲ್ಲಿಸುವ ಕೆಲಸ ಡಾಕ್ಟರ್ ಕೈಯಲ್ಲೇ ಆಗಬೇಕು. ಅವರು ಬೇರೆ ಮಾತ್ರೆ ಕೊಟ್ಟು ದಿನದಿನಕ್ಕೆ ಇಳಿಸುತ್ತಾರೆ, ವಿಟಮಿನ್ ಬಿ1 ಇಂಜೆಕ್ಷನ್ ಕೊಡುತ್ತಾರೆ. ಗ್ಲೂಕೋಸ್ ಹಾಕಿಸಿದರೆ ಸರಿಹೋಗುತ್ತದೆ ಅಂತ ಕ್ಲಿನಿಕ್‌ಗೆ ಓಡಬೇಡಿ. ಬಿ1 ಇಲ್ಲದೆ ಬರೀ ಗ್ಲೂಕೋಸ್ ಹಾಕಿದರೆ ಮಿದುಳಿಗೇ ಪೆಟ್ಟು ಬೀಳಬಹುದು.

ಸಾರಿನಲ್ಲಿ ಬೆರೆಸುವ ಪುಡಿ

ಕೌಂಟರ್ ಮುಂದೆ ದಿನಾ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ. ಗೊತ್ತಿಲ್ಲದ ಹಾಗೆ ಅನ್ನ ಸಾರಿಗೆ ಬೆರೆಸಿ ಕೊಡಬೇಡಿ. ಡೈಸಲ್ಫಿರಾಮ್ ಅನ್ನುವ ಮಾತ್ರೆಯ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಸತ್ತವರೂ ಇದ್ದಾರೆ. ಅದನ್ನು ತೆಗೆದುಕೊಳ್ಳುವವರಿಗೆ ಗೊತ್ತಿರಬೇಕು, ಅವರು ಒಪ್ಪಿರಬೇಕು, ಲಿವರ್ ನೋಡಿಸಿರಬೇಕು. ಇನ್ನು ಹೆಸರಿಲ್ಲದ ಪೊಟ್ಟಣದ ಪುಡಿಯಲ್ಲಿ ಏನಿದೆಯೋ ದೇವರೇ ಬಲ್ಲ.

ಸೆಂಟರ್ ಹುಡುಕುವಾಗ

ಕೇಂದ್ರ ಸರ್ಕಾರ ದೆಹಲಿಯ ಏಮ್ಸ್ ಆಸ್ಪತ್ರೆ ಮೂಲಕ ಮಾಡಿಸಿ 2019ರಲ್ಲಿ ಹೊರತಂದ ದೇಶದ ಸಮೀಕ್ಷೆಯಲ್ಲಿ ಕುಡಿಯುವ ಗಂಡಸರು ನೂರಕ್ಕೆ 27.3, ಹೆಂಗಸರು 1.6. ಹಾಗಾಗಿ ಚಟ ಬಿಡಿಸುವ ಸೆಂಟರ್‌ಗಳು ಗಂಡಸರಿಗೇ ಕಟ್ಟಿದಂತಿವೆ. ನಾವು ಹೋದ ಮೊದಲನೇ ಕಡೆ "ಲೇಡೀಸ್ ತಗೊಳಲ್ಲ ಸಾರ್" ಅಂದರು. ಎರಡನೇ ಕಡೆ ಸೇರಿಸಿಕೊಂಡರು, ಆದರೆ 30 ಗಂಡಸರ ನಡುವೆ ಇವಳೊಬ್ಬಳು. ರಾತ್ರಿ ಹೊತ್ತಿಗೆ ಒಬ್ಬ ಹೆಣ್ಣು ಸಿಬ್ಬಂದಿಯೂ ಇಲ್ಲ. ಮೂರೇ ದಿನಕ್ಕೆ ವಾಪಸ್ ಕರೆತಂದೆ.

ದುಡ್ಡು ಕಟ್ಟುವ ಮೊದಲು ಕೇಳಿ: ಹೆಂಗಸರಿಗೆ ಬೇರೆ ವಾರ್ಡ್ ಇದೆಯಾ? ರಾತ್ರಿ ಹೆಣ್ಣು ಸಿಬ್ಬಂದಿ ಇರುತ್ತಾರಾ? ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ? ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಆಗಿದೆಯಾ? 2017ರ ಆ ಕಾಯ್ದೆಗೆ ಕುಡಿತ, ಡ್ರಗ್ಸ್‌ನಿಂದ ಬರುವ ತೊಂದರೆಯೂ ಸೇರುತ್ತದೆ. ಸರಪಳಿ ಹಾಕುವ ಹಾಗೇ ಇಲ್ಲ. ಇನ್ನೊಂದು ಎಷ್ಟೋ ಜನಕ್ಕೆ ಗೊತ್ತಿಲ್ಲ: ತಾಯಿಗೆ ಮೂರು ವರ್ಷದೊಳಗಿನ ಮಗು ಇದ್ದರೆ ಸಾಮಾನ್ಯವಾಗಿ ಅವರಿಬ್ಬರನ್ನು ಬೇರೆ ಮಾಡಬಾರದು ಅಂತ ಅದೇ ಕಾಯ್ದೆ ಹೇಳುತ್ತದೆ. ಮಗು ಬಿಟ್ಟು ಬರಲಾರೆ ಅನ್ನುವವರಿಗೆ ಇದನ್ನು ಹೇಳಿ.

ನಾವು ಕೊನೆಗೆ ಮೈಸೂರಿನ ದೊಡ್ಡಾಸ್ಪತ್ರೆಯ, ಅಂದರೆ ಕೆ.ಆರ್. ಆಸ್ಪತ್ರೆಯ, ಮನೋವೈದ್ಯಕೀಯ ವಿಭಾಗದಲ್ಲಿ ತೋರಿಸಿಕೊಂಡೆವು. ಎಲ್ಲಿಗೆ ಹೋಗಬೇಕು ಅಂತ ತಿಳಿಯದಿದ್ದರೆ 14446ಕ್ಕೆ ಫೋನ್ ಮಾಡಿ, ಅದು ಚಟ ಬಿಡಿಸುವುದಕ್ಕೇ ಇರುವ ಸರ್ಕಾರಿ ಸಹಾಯವಾಣಿ. ಮನಸ್ಸು ತೀರಾ ಕುಸಿದಿದ್ದರೆ 14416, ಟೆಲಿಮಾನಸ್. ಕನ್ನಡದಲ್ಲೇ ಮಾತಾಡಬಹುದು.

ಭಾವನ ಬಾಟಲಿಯೂ ಮನೆಯಿಂದ ಹೋಗಬೇಕಾಯಿತು. "ನನ್ನದು ಕಂಟ್ರೋಲ್‌ನಲ್ಲಿದೆ" ಅಂತ ಅವರ ವಾದ. ಪುಟ್ಟಿಯ ಮೊದಲ ಗುಟುಕು ಅವರ ಬಾಟಲಿಯಲ್ಲಿ ಉಳಿದದ್ದು ಅಂತ ಡಾಕ್ಟರ್ ಎದುರೇ ಹೇಳಿದ ಮೇಲೆ ಬಾಯಿ ಮುಚ್ಚಿದರು. ಹೆಂಗಸರ ಚಟದಲ್ಲಿ ಮೊದಲು ಕೈಗೆ ಕೊಟ್ಟವನು ಗಂಡನೋ ಗೆಳೆಯನೋ ಆಗಿರುವುದು ಬಹಳ. ಅವನನ್ನು ಹಾಗೇ ಬಿಟ್ಟು ಇವಳೊಬ್ಬಳಿಗೆ ಔಷಧಿ ಕೊಟ್ಟರೆ ಏನು ಬಂತು?

ಎಣ್ಣೆಯಲ್ಲ, ಪೌಡರ್ ಅಂತಾದರೆ

ನಮ್ಮೂರಲ್ಲಿ ಅದೆಲ್ಲ ಎಲ್ಲಿ ಅನ್ನಬೇಡಿ. 2025ರ ಜುಲೈನಲ್ಲಿ ಮುಂಬೈ ಪೊಲೀಸರು ಮೈಸೂರಿಗೇ ಬಂದು ಮೆಫೆಡ್ರೋನ್ ಅನ್ನುವ ನಶೆ ಪೌಡರ್ ತಯಾರಿಸುವ ಜಾಗ ಹಿಡಿದರು. ಕೊಕೇನಿನಂಥದ್ದು ನಿಲ್ಲಿಸಿದರೆ ಕುಡಿತದ ಹಾಗೆ ಫಿಟ್ಸ್, ಸನ್ನಿಯ ಕಾಟ ಸಾಮಾನ್ಯವಾಗಿ ಇರುವುದಿಲ್ಲ. ವಿಪರೀತ ನಿದ್ದೆ, ಹಸಿವು, ಆಮೇಲೆ ಮನಸ್ಸು ಪಾತಾಳಕ್ಕೆ ಇಳಿಯುತ್ತದೆ. ಆಗ ಒಂಟಿಯಾಗಿ ಬಿಡಬೇಡಿ, ಸಾಯುವ ಯೋಚನೆ ಬರುವುದು ಆಗಲೇ. ಕೊಕೇನ್ ಚಟಕ್ಕೆಂದೇ ಒಪ್ಪಿಗೆ ಪಡೆದ ಮಾತ್ರೆ ಇಲ್ಲ, ಯಾರಾದರೂ ಇದೆ ಅಂದರೆ ನಂಬಬೇಡಿ. ಕೌನ್ಸೆಲಿಂಗ್ ಇದೆ, ಬಳಸದ ದಿನಗಳಿಗೆ ಸಣ್ಣ ಬಹುಮಾನ ಕೊಡುವ ಪದ್ಧತಿ ಇದೆ, ಅದು ಕೆಲಸ ಮಾಡುತ್ತದೆ. ಎಣ್ಣೆ ಮತ್ತು ಕೊಕೇನ್ ಒಟ್ಟಿಗೆ ತೆಗೆದುಕೊಂಡರೆ ಲಿವರ್‌ನಲ್ಲಿ ಕೊಕಎಥಿಲಿನ್ ಅಂತ ಮೂರನೆಯದೊಂದು ಹುಟ್ಟುತ್ತದೆ, ಅದು ಹೃದಯಕ್ಕೆ ಕೆಟ್ಟದ್ದು. ಎದೆ ನೋವು ಅಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಪೊಲೀಸ್ ಭಯಕ್ಕೆ ಆಸ್ಪತ್ರೆಯಿಂದ ದೂರ ಉಳಿಯಬೇಡಿ. 1985ರ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತು ಕಾಯ್ದೆಯ 64ಎ ಕಲಂ ಪ್ರಕಾರ, ಬಳಕೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಬಂದರೆ ಕೇಸಿನಿಂದ ವಿನಾಯಿತಿ ಸಿಗುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ವಿನಾಯಿತಿ ಹೋಗಬಹುದು.

ಗೋಡೆ ಮೇಲಿನ ಕ್ಯಾಲೆಂಡರ್

ಮುಟ್ಟಿನ ಲೆಕ್ಕ ಬರೆದಿಡಿ ಅಂತ ಡಾಕ್ಟರ್ ಹೇಳಿದಾಗ ನನಗೆ ಮುಜುಗರವಾಯಿತು. ಆದರೆ ಅದರಲ್ಲೂ ವಿಷಯ ಇದೆ. ಕೊಕೇನ್ ಮೇಲೆ ನಡೆದ ಪ್ರಯೋಗಗಳಲ್ಲಿ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಏರುವ ದಿನಗಳಲ್ಲಿ ನಶೆ ಜಾಸ್ತಿ ಏರುತ್ತದೆ, ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನ್ ಜಾಸ್ತಿ ಇರುವ ದಿನಗಳಲ್ಲಿ ಅಷ್ಟು ಏರುವುದಿಲ್ಲ ಅಂತ ಕಂಡಿದೆ. ಕುಡಿತದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಥರ. ಪುಟ್ಟಿಗೆ ಮುಟ್ಟಿಗೆ ಮುಂಚಿನ ಮೂರು ನಾಲ್ಕು ದಿನ ಕಷ್ಟ. ಅಡುಗೆಮನೆಯ ಒಂಟಿಕೊಪ್ಪಲ್ ಕ್ಯಾಲೆಂಡರ್‌ನಲ್ಲಿ ಆಸೆ ಆದ ದಿನಕ್ಕೆ ಒಂದು ಚುಕ್ಕೆ, ಕುಡಿದ ದಿನಕ್ಕೆ ಒಂದು ಸುತ್ತು. ಏಕಾದಶಿ, ಸಂಕಷ್ಟಿಯ ಪಕ್ಕದಲ್ಲಿ ಇದ್ದರೆ ಯಾರಿಗೂ ಅನುಮಾನ ಬರಲ್ಲ ಅಂತ ಅವಳೇ ನಗುತ್ತಾಳೆ.

ಹೋದ ಗೌರಿ ಹಬ್ಬದ ರಾತ್ರಿ ಅವಳು ಮತ್ತೆ ಕುಡಿದಳು. 11 ತಿಂಗಳು ಮುಟ್ಟಿರಲಿಲ್ಲ. ತಾನೇ ಫೋನ್ ಮಾಡಿದಳು. ನಾನು ಬೈಯಲಿಲ್ಲ, ಮೂರೇ ಪ್ರಶ್ನೆ ಕೇಳಿದೆ: ಎಷ್ಟು ಕುಡಿದೆ, ಮಾತ್ರೆ ಏನಾದ್ರೂ ನುಂಗಿದ್ಯಾ, ಪಕ್ಕದಲ್ಲಿ ಯಾರಿದ್ದಾರೆ? ಮಾರನೇ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಮೈಸೂರಿಗೆ ಹೋದೆ. ಆ ದಿನಕ್ಕೆ ಸುತ್ತು ಹಾಕಿಸಿ, ಕ್ಯಾಲೆಂಡರನ್ನೇ ಸುತ್ತಿಕೊಂಡು ಒಪಿಡಿಗೆ ಹೋದೆವು. ನೀವೂ ತಿಂಗಳು ಮುಗಿಯಿತು ಅಂತ ಹಾಳೆ ಹರಿದು ಎಸೆಯಬೇಡಿ. ಡಾಕ್ಟರ್ ಹಿಂದಿನ ಮೂರು ತಿಂಗಳದ್ದೂ ಕೇಳುತ್ತಾರೆ.