ಒದ್ದೆಯಾಗದ ಚಡ್ಡಿ

“ಹುಡುಗ ಈಗ ಜಾಣನಾಗಿದ್ದಾನೆ ಸರ್, ಎರಡು ತಿಂಗಳಿಂದ ಚಡ್ಡಿ ಒದ್ದೆಯಾಗುವುದೇ ಕಡಿಮೆ” ಎಂದು ರೋಣದ ಕಡೆಯ ತಾಯಿಯೊಬ್ಬರು ಹಿಗ್ಗಿನಿಂದ ಹೇಳಿದರು. ನನ್ನ ಎದೆ ಧಸಕ್ಕೆಂದಿತು. ಬೆನ್ನುಹುರಿಯ ದೋಷದೊಂದಿಗೆ ಹುಟ್ಟಿ, ಹಸುಗೂಸಾಗಿದ್ದಾಗಲೇ ಬೆನ್ನಿನ ಗಂಟಿಗೆ ಶಸ್ತ್ರಚಿಕಿತ್ಸೆಯಾದ ನಾಲ್ಕು ವರ್ಷದ ಮಗು. ಇಂಥವರಲ್ಲಿ ಸೋರಿಕೆ ತಾನಾಗಿ ನಿಂತರೆ ಮೂತ್ರಕೋಶದೊಳಗೆ ಒತ್ತಡ ಕಟ್ಟುತ್ತಿರಬಹುದು. ನಡಿಗೆ ಬದಲಾಗಿದೆಯೇ ಎಂದು ಕೇಳಿದೆ. ಬೆಳೆಯುವಾಗ ಬೆನ್ನುಹುರಿ ಹಳೆಯ ಗಾಯಕ್ಕೆ ಅಂಟಿ ಜಗ್ಗಿದರೂ ಹೀಗಾಗುತ್ತದೆ. ಬದಲಾಗಿರಲಿಲ್ಲ.

ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ನೇರ ಒತ್ತಡ ಅಳೆಯುವ ಯಂತ್ರಕ್ಕೆ ಓಡುತ್ತಿದ್ದೆ. ಈಗ ಮೊದಲು ಕೇಳುವುದು ನೋಟ್‌ಬುಕ್. ಎರಡು ದಿನ ಕುಡಿದದ್ದೆಷ್ಟು, ಹೋದದ್ದೆಷ್ಟು ಬರೆಯಬೇಕು. ಡೈಪರನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದರೂ ನಡೆಯುತ್ತದೆ: ಒಂದು ಗ್ರಾಂ ಹೆಚ್ಚಾದರೆ ಹೆಚ್ಚುಕಡಿಮೆ ಒಂದು ಮಿಲಿಲೀಟರ್. ಮಲಬದ್ಧತೆಯನ್ನೂ ಮೊದಲೇ ಸರಿಪಡಿಸುತ್ತೇನೆ. ಇಲ್ಲದಿದ್ದರೆ ಮುಂದಿನ ಅಂಕಿಗಳನ್ನು ನಂಬುವಂತಿಲ್ಲ.

ಸ್ಕ್ಯಾನಿಂಗ್‌ನಲ್ಲಿ ಎರಡೂ ಕಿಡ್ನಿಗಳು ತುಸು ಊದಿದ್ದವು. ಮೂತ್ರ ಹೋದ ಮೇಲೂ 60 ಮಿ.ಲೀ. ಉಳಿದಿತ್ತು. ನಂತರ ಯುರೋಡೈನಾಮಿಕ್ಸ್, ಅಂದರೆ ಮೂತ್ರಕೋಶ ತುಂಬುವಾಗ ಒಳಗಿನ ಒತ್ತಡ ಅಳೆಯುವ ಪರೀಕ್ಷೆ. ಮೂತ್ರಕೋಶಕ್ಕೆ ಒಂದು ಸಣ್ಣ ನಳಿಕೆ, ಗುದದಲ್ಲಿ ಇನ್ನೊಂದು. ಅಳು, ಕೆಮ್ಮಿನಿಂದ ಏರುವ ಹೊಟ್ಟೆಯ ಒತ್ತಡವನ್ನು ಕಳೆಯಲು ಎರಡನೆಯದು ಬೇಕು. ಎಲ್ಲವೂ ಅಲರ್ಜಿ ತರಬಲ್ಲ ಲ್ಯಾಟೆಕ್ಸ್ ರಬ್ಬರ್ ಇಲ್ಲದವೇ. ಹಿಂದೊಮ್ಮೆ ನನ್ನ ಕೈಗವಸು ತಾಗಿಯೇ ಮಗುವೊಂದರ ಮೈಯೆಲ್ಲ ದದ್ದೆದ್ದಿತ್ತು. ಬೆಚ್ಚಗಿನ ಸಲೈನನ್ನು ನಿಮಿಷಕ್ಕೆ 10 ಮಿ.ಲೀ.ನಂತೆ ಬಿಟ್ಟೆ, ಬಿರುಸಾಗಿ ತುಂಬಿದರೆ ಒಳ್ಳೆಯ ಮೂತ್ರಕೋಶವೂ ಮುನಿಸಿಕೊಳ್ಳುತ್ತದೆ.

ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿದರೆ ಅವನದು 150 ಮಿ.ಲೀ. ಹಿಡಿಯಬೇಕಿತ್ತು. 70 ಮುಟ್ಟುವಷ್ಟರಲ್ಲೇ ಒತ್ತಡದ ಗೆರೆ ಏರತೊಡಗಿತು: 25, 32, 41. ತಾಯಿ ಮೊಬೈಲ್‌ನಲ್ಲಿ ಕಾರ್ಟೂನ್ ತೋರಿಸುತ್ತಿದ್ದರು, ಹುಡುಗ ನಗುತ್ತಿದ್ದ, ಒಂದು ಹನಿಯೂ ಹೊರಬರಲಿಲ್ಲ. ಮೊದಲ ಹನಿ ಬಿದ್ದದ್ದು 48 ಸೆಂಟಿಮೀಟರ್ ನೀರಿನ ಒತ್ತಡಕ್ಕೆ. 40 ದಾಟಿದ ಮೇಲಷ್ಟೇ ಸೋರುವ ಮೂತ್ರಕೋಶ ಕಿಡ್ನಿಯನ್ನು ಕೆಡಿಸಬಲ್ಲದೆಂಬುದು 1981ರಿಂದಲೂ ವೈದ್ಯರಿಗೆ ಗೊತ್ತಿರುವ ಮಾತು.

ದಿನಕ್ಕೆ ಐದು ಸಲ ನಳಿಕೆ ಹಾಕಿ ಮೂತ್ರ ತೆಗೆಯಬೇಕು, ಜೊತೆಗೆ ಮೂತ್ರಕೋಶವನ್ನು ಸಡಿಲಿಸುವ ಆಕ್ಸಿಬ್ಯುಟಿನಿನ್ ಔಷಧಿ ಕೊಡಬೇಕು ಎಂದಾಗ ತಾಯಿ ಅತ್ತರು. “ಹಾಗಾದರೆ ಸೋರುತ್ತಿದ್ದಾಗಲೇ ಚೆನ್ನಾಗಿತ್ತೇ ಸರ್?”

“ಒಂದು ಲೆಕ್ಕಕ್ಕೆ ಹೌದಮ್ಮಾ” ಎಂದೆ. ಆ ಔಷಧಿ ಬೆವರನ್ನು ತಗ್ಗಿಸುತ್ತದೆ. ಗದಗಿನ ಬೇಸಿಗೆಯಲ್ಲಿ ಮಗುವನ್ನು ಬಿಸಿಲಿಗೆ ಬಿಡಬೇಡಿ ಎಂದು ಎರಡೆರಡು ಸಲ ಹೇಳಿ ಕಳಿಸಿದೆ.

ಮೂರು ತಿಂಗಳ ನಂತರ ಮತ್ತೆ ಅದೇ ಪರೀಕ್ಷೆ: 120 ಮಿ.ಲೀ. ತುಂಬಿದರೂ ಒತ್ತಡ 19. ನೋಟ್‌ಬುಕ್ಕಿನಲ್ಲಿ ಒಂದು ಹೊತ್ತೂ ತಪ್ಪಿರಲಿಲ್ಲ. ರಾತ್ರಿ ಹತ್ತು ಗಂಟೆಯ ಸಾಲುಗಳೆಲ್ಲ ತಂದೆಯ ಕೈಬರಹದಲ್ಲಿದ್ದವು.