ಶೇಂಗಾ ಹೊಟ್ಟಿನ ಇದ್ದಿಲು, ಗಂಧಕ ಮತ್ತು ದಪ್ಪ ಕ್ಯಾಥೋಡ್: ನನ್ನ ಅನುಭವ

ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಲಿಥಿಯಂ-ಗಂಧಕ ಬ್ಯಾಟರಿಗೆ ಕ್ಯಾಥೋಡ್, ಅಂದರೆ ಗಂಧಕ ಬಳಿದ ಧನ ಬದಿ, ಮಾಡುವುದು ನನ್ನ ಕೆಲಸ. ತೆಳು ಕ್ಯಾಥೋಡ್‌ನಲ್ಲಿ ಬಂದ ಸಾಮರ್ಥ್ಯದ ದೊಡ್ಡ ಅಂಕಿಯನ್ನು ನಾನು ನಂಬುವುದಿಲ್ಲ. ಗಂಧಕದ ಪದರ ದಪ್ಪ ಇರಬೇಕು, ಎಲೆಕ್ಟ್ರೋಲೈಟ್ (ಲಿಥಿಯಂ ಅಯಾನುಗಳು ಓಡಾಡುವ ದ್ರವ) ಕಡಿಮೆ ಇರಬೇಕು, ಆಗಲೂ ಸೆಲ್ ನಡೆಯಬೇಕು.

ಲೆಕ್ಕ ಹೀಗಿದೆ. ಒಂದು ಗ್ರಾಂ ಗಂಧಕ ಪೂರ್ತಿ ಕೆಲಸ ಮಾಡಿದರೆ 1675 ಮಿಲಿಆಂಪ್-ಅವರ್ ಕೊಡುತ್ತದೆ. ಬೆಲೆಯೂ ಕಡಿಮೆ. ಹಾವೇರಿ ಕಡೆ ಮೆಣಸಿನಗಿಡಕ್ಕೆ ಬೂದಿ ರೋಗ ಬಂದರೆ ರೈತರು ಹೊಡೆಯುವುದು ಇದೇ ಗಂಧಕ. ಆದರೆ ವೋಲ್ಟೇಜ್ ಸುಮಾರು 2.1 ಮಾತ್ರ, ಮೊಬೈಲ್ ಬ್ಯಾಟರಿಯಲ್ಲಿ 3.7ರ ಆಸುಪಾಸು. ಹಾಗಾಗಿ ಒಂದು ಚದರ ಸೆಂಟಿಮೀಟರಿಗೆ ಒಂದು ಮಿಲಿಗ್ರಾಂ ಗಂಧಕ ಬಳಿದರೆ ಏನೂ ಸಾಲದು. ಐದಾದರೂ ಬೇಕು.

ತೊಂದರೆ ಶುರುವಾಗುವುದೇ ಅಲ್ಲಿ. ಗಂಧಕದಲ್ಲಿ ಕರೆಂಟ್ ಹರಿಯುವುದಿಲ್ಲ. ಲಿಥಿಯಂ ಸೇರಿ ಲಿಥಿಯಂ ಸಲ್ಫೈಡ್ ಆದಾಗ ಅದು ಸುಮಾರು 80% ಉಬ್ಬುತ್ತದೆ. ನಡುವೆ ಹುಟ್ಟುವ, ಲಿಥಿಯಂ ಮತ್ತು ಗಂಧಕ ಸೇರಿದ ಪಾಲಿಸಲ್ಫೈಡ್‌ಗಳು ಎಲೆಕ್ಟ್ರೋಲೈಟಿನಲ್ಲಿ ಕರಗಿ, ಆಚೆ ಬದಿಯ ಲಿಥಿಯಂ ತನಕ ಹೋಗಿ ಬರುತ್ತವೆ. 2009ರಲ್ಲಿ ಕೆನಡಾದ ಲಿಂಡಾ ನಜರ್ ತಂಡ ಸಣ್ಣ ರಂಧ್ರಗಳ ಕಾರ್ಬನ್ ಒಳಗೆ ಗಂಧಕ ತುಂಬಿ ತೋರಿಸಿದ ಮೇಲೆ ಎಲ್ಲರೂ ಅದೇ ದಾರಿ ಹಿಡಿದರು. ನಾನೂ ಅಲ್ಲಿಂದಲೇ ಶುರು ಮಾಡಿದೆ.

ಕಾರ್ಬನ್‌ಗೆ ಶೇಂಗಾ ಹೊಟ್ಟು ಆರಿಸಿಕೊಂಡೆ. ಗದಗಿನ ಮಿಲ್ಲಿನಲ್ಲಿ ಬೇಕಾದಷ್ಟು ಸಿಗುತ್ತದೆ. "ಭಟ್ಟಿಗೆ ಹಾಕೋದು ಬಿಟ್ಟು ಇದ್ರಾಗ ಏನ್ ಮಾಡ್ತೀರ್ರಿ ಸರ?" ಅಂತ ಕೇಳಿ, ಚೀಲ ತುಂಬಿ ಕೊಟ್ಟರು. ತೊಳೆದು ಒಣಗಿಸಿ 500 ಡಿಗ್ರಿಯಲ್ಲಿ ಇದ್ದಿಲು ಮಾಡುತ್ತೇನೆ. ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಬೆರೆಸಿ ಆರ್ಗಾನ್ ಅನಿಲದಲ್ಲಿ 800 ಡಿಗ್ರಿಗೆ ಕಾಯಿಸಿದರೆ ರಂಧ್ರಗಳು ತೆರೆದುಕೊಳ್ಳುತ್ತವೆ. ಆಮೇಲೆ ಆಮ್ಲದಲ್ಲಿ, ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು.

ಗಂಧಕ ಮತ್ತು ಕಾರ್ಬನ್ ಅರೆದು, ಮುಚ್ಚಿದ ಪಾತ್ರೆಯಲ್ಲಿ 155 ಡಿಗ್ರಿಗೆ ಇಡುವುದು ನನಗೆ ಅತಿ ಇಷ್ಟದ ಹಂತ. ಕರಗಿದ ಗಂಧಕ ಆ ಶಾಖದಲ್ಲಿ ಅತಿ ತೆಳುವಾಗಿರುತ್ತದೆ. 159 ದಾಟಿದರೆ ಅದರ ಅಣುಗಳು ಉದ್ದುದ್ದ ಸರಪಳಿಯಾಗಿ ದ್ರವ ಮಂದವಾಗುತ್ತದೆ, ರಂಧ್ರದೊಳಗೆ ಇಳಿಯುವುದಿಲ್ಲ. ಒಲೆಯ ಡಿಸ್‌ಪ್ಲೇ ನಂಬದೆ ಪಾತ್ರೆಯ ಪಕ್ಕದಲ್ಲೇ ಬೇರೆ ಥರ್ಮಾಮೀಟರ್ ಇಡಿ. ಹೊರಗೆ ತೆಗೆದಾಗ ಪುಡಿ ಪೂರ್ತಿ ಕಪ್ಪಗಿರಬೇಕು. ಭೂತಗನ್ನಡಿಯಲ್ಲಿ ಒಂದು ಹಳದಿ ಚುಕ್ಕೆ ಕಂಡರೂ ಗಂಧಕ ಹೊರಗೇ ಉಳಿದಿದೆ ಅಂತಲೇ ಅರ್ಥ.

ಬರೀ ರಂಧ್ರ ಸಾಲದು ಅನ್ನುವುದನ್ನು ಒಂದು ಗಾಜಿನ ಸೀಸೆ ತೋರಿಸುತ್ತದೆ. ಗ್ಲೋವ್ ಬಾಕ್ಸಿನೊಳಗೆ (ಹೊರಗಿನ ಗಾಳಿ, ತೇವ ಸೇರದ ಮುಚ್ಚಿದ ಪೆಟ್ಟಿಗೆ) ಪಾಲಿಸಲ್ಫೈಡ್ ದ್ರಾವಣ ಮಾಡಿ, ಅದಕ್ಕೆ ಸ್ವಲ್ಪ ಕಾರ್ಬನ್ ಹಾಕಿ ಬಿಡಿ. ಸಾದಾ ಇದ್ದಿಲು ಹಾಕಿದ ಸೀಸೆಯಲ್ಲಿ ಕಂದು ಬಣ್ಣ ಹೆಚ್ಚುಕಡಿಮೆ ಹಾಗೇ ಇತ್ತು. ಯೂರಿಯಾ ಬೆರೆಸಿ ಮತ್ತೆ ಕಾಯಿಸಿದ ಇದ್ದಿಲಿನ ಸೀಸೆ ತಿಳಿ ಹಳದಿಗೆ ಬಂತು. ಯೂರಿಯಾದ ನೈಟ್ರೋಜನ್ ಕಾರ್ಬನ್‌ನಲ್ಲಿ ಸೇರಿದಾಗ ಪಾಲಿಸಲ್ಫೈಡ್‌ನ ಲಿಥಿಯಂ ಅದಕ್ಕೆ ಅಂಟಿಕೊಳ್ಳುತ್ತದೆ. ಆದರೂ ಇದು ಕಣ್ಣಳತೆಯ ಪರೀಕ್ಷೆ. ಎರಡೂ ಸೀಸೆಗೆ ಒಂದೇ ತೂಕದ ಪುಡಿ ಹಾಕಿದರೆ ಸಾಲದು, ಎರಡು ಪುಡಿಗಳ ಮೇಲ್ಮೈ ವಿಸ್ತೀರ್ಣವನ್ನೂ ಅಳೆದು ಹೋಲಿಸಬೇಕು.

ಬೈಂಡರ್‌ಗೆ, ಅಂದರೆ ಪುಡಿಯನ್ನು ಹಿಡಿದಿಡುವ ಅಂಟಿಗೆ, ನಾನು ಬಳಸುವುದು ನೀರಿನಲ್ಲಿ ಕರಗುವ ಗಮ್ ಅರೇಬಿಕ್. ಇದು ಜಾಲಿ ಜಾತಿಯ ಮರದ ಅಂಟು. ಗಂಧಕ ಉಬ್ಬಿ ಕುಗ್ಗಿದರೂ ಬಿಡದೆ ಹಿಡಿಯುತ್ತದೆ. ಆದರೆ ದಪ್ಪಗೆ ಬಳಿದ ಪದರ ಒಣಗುವಾಗ ಕೆರೆ ಅಂಗಳದಂತೆ ಬಿರುಕು ಬಿಡುತ್ತದೆ. ಇದಕ್ಕೆ ಎರಡು ಉಪಾಯ ಮಾಡಿದೆ. ಬಳಿಯುವ ಸ್ಲರಿಗೆ (ಪುಡಿ, ಅಂಟು, ನೀರು ಕಲಸಿದ ಹಿಟ್ಟಿನಂಥದ್ದು) ಸ್ವಲ್ಪ ಕಾರ್ಬನ್ ನಾರು ಸೇರಿಸಿದೆ. ಬಳಿದ ಫಾಯಿಲ್ ಮೇಲೆ ಮುಚ್ಚಳ ಇಟ್ಟು ರಾತ್ರಿಯಿಡೀ ನಿಧಾನವಾಗಿ ಒಣಗಲು ಬಿಟ್ಟೆ. ಕೊನೆಗೆ ವ್ಯಾಕ್ಯೂಮಿನಲ್ಲಿ 60 ಡಿಗ್ರಿ ಮೀರಬೇಡಿ, ಗಂಧಕವೇ ಆವಿಯಾಗಿ ಹೋಗುತ್ತದೆ. ಒಣಗಿದ ಮೇಲೆ ಮತ್ತೊಮ್ಮೆ ತೂಗಿ. ಮಳೆಗಾಲದಲ್ಲಿ ಧಾರವಾಡದ ಹವೆ ಗೊತ್ತಲ್ವಾ, ವ್ಯಾಕ್ಯೂಮಿನಿಂದ ತೆಗೆದದ್ದನ್ನು ನೇರ ಗ್ಲೋವ್ ಬಾಕ್ಸಿಗೇ ಒಯ್ಯಬೇಕು.

ನಿಜವಾದ ಪರೀಕ್ಷೆ ಎಲೆಕ್ಟ್ರೋಲೈಟಿನದು. ನಾಣ್ಯದಾಕಾರದ ಕಾಯಿನ್ ಸೆಲ್‌ನಲ್ಲಿ ಒಂದು ಮಿಲಿಗ್ರಾಂ ಗಂಧಕಕ್ಕೆ 20 ಮೈಕ್ರೋಲೀಟರ್ ಸುರಿದರೆ ಯಾವ ಕ್ಯಾಥೋಡ್ ಆದರೂ ಚೆನ್ನಾಗಿಯೇ ಕಾಣುತ್ತದೆ. ಆ ದ್ರವದ ಭಾರದಲ್ಲಿ ಹಗುರ ಬ್ಯಾಟರಿಯ ಲಾಭವೆಲ್ಲ ಹೋಗುತ್ತದೆ. ಐದಕ್ಕಿಂತ ಕೆಳಗೆ ಇಳಿಸಿ ನೋಡಿ. ಡಿಸ್ಚಾರ್ಜ್ ಗೆರೆಯಲ್ಲಿ, ಅಂದರೆ ಸೆಲ್ ಖಾಲಿಯಾಗುವಾಗ ವೋಲ್ಟೇಜ್ ಇಳಿಯುವ ಗೆರೆಯಲ್ಲಿ, ಎರಡು ಮೆಟ್ಟಿಲು ಇರುತ್ತವೆ: 2.3 ವೋಲ್ಟಿನದು ಒಟ್ಟು ಸಾಮರ್ಥ್ಯದ ಕಾಲು ಭಾಗ, 2.1ರದು ಮುಕ್ಕಾಲು. ಮೊದಲನೆಯದು ಸರಿಯಾಗಿದ್ದು ಎರಡನೆಯದು ಮೊಟಕಾಗಿದ್ದರೆ, ಕಡಿಮೆ ದ್ರವದಲ್ಲಿ ಪಾಲಿಸಲ್ಫೈಡ್ ದಟ್ಟವಾಗಿ ಲಿಥಿಯಂ ಓಡಾಟ ನಿಧಾನವಾಗಿರಬಹುದು, ಅಥವಾ ಸಲ್ಫೈಡ್ ಕೂರಲು ಜಾಗ ಸಾಲದೆ ಹೋಗಿರಬಹುದು. ನನ್ನ ಸೆಲ್‌ಗಳಲ್ಲಿ ಎರಡನೇ ಮೆಟ್ಟಿಲನ್ನು ಉದ್ದ ಮಾಡಿದ್ದು ರಂಧ್ರದ ಗಾತ್ರ. ಬರೀ ಸಣ್ಣ ರಂಧ್ರಗಳಿದ್ದ ಇದ್ದಿಲಿಗಿಂತ, ನಡುವೆ ದೊಡ್ಡ ದಾರಿಗಳೂ ಇದ್ದ ಇದ್ದಿಲು ಜಾಸ್ತಿ ಕೆಲಸ ಮಾಡಿತು.

ಈಗ ಸೆಲ್ ಸತ್ತರೆ ಮೊದಲು ಕ್ಯಾಥೋಡನ್ನೇ ಬೈಯುವುದಿಲ್ಲ. ಗ್ಲೋವ್ ಬಾಕ್ಸಿನಲ್ಲಿ ಬಿಚ್ಚಿ, ಆ ಕ್ಯಾಥೋಡನ್ನೇ ಹೊಸ ಲಿಥಿಯಂ, ಹೊಸ ಎಲೆಕ್ಟ್ರೋಲೈಟ್ ಜೊತೆ ಜೋಡಿಸುತ್ತೇನೆ. ಸಾಮರ್ಥ್ಯ ಬಹುಪಾಲು ವಾಪಸ್ ಬಂದರೆ, ಕೆಟ್ಟಿದ್ದು ಲಿಥಿಯಂ ಬದಿ ಅಥವಾ ಒಣಗಿಹೋದ ದ್ರವ. ದಪ್ಪ ಕ್ಯಾಥೋಡ್‌ನ ಸೆಲ್‌ಗಳಲ್ಲಿ ಹೆಚ್ಚಿನ ಸಲ ಹೀಗೇ ಆಗುತ್ತಿದೆ. ಹಾಗಾಗಿ ಸದ್ಯ ಲಿಥಿಯಂ ಫಾಯಿಲ್ ಮೇಲಿನ ರಕ್ಷಣಾ ಪದರದ ಕೆಲಸ ನಡೆದಿದೆ.